ಗೋಡೆಯಾಚೆ ಕೇಳಿಸದ ಹಾಡು

“ಇನ್ನೂರು ಡಾಲರಿನೊಳಗೆ ಒಳ್ಳೆಯ ಸ್ಪೀಕರ್ ಯಾವುದು ಮಾರಾಯ್ರೆ?” ಅಬುಧಾಬಿಯಲ್ಲಿದ್ದಾಗ ಈ ಪ್ರಶ್ನೆಯನ್ನು ದಿರಮ್ ಲೆಕ್ಕದಲ್ಲಿ ಕೇಳುತ್ತಿದ್ದರು. ನಾರ್ತ್ ಸಿಡ್ನಿಗೆ ಬಂದ ಮೇಲೆ ಡಾಲರ್ ಲೆಕ್ಕದಲ್ಲಿ ಕೇಳುತ್ತಾರೆ. ಒಂದು ಆಸ್ಟ್ರೇಲಿಯನ್ ಡಾಲರಿಗೆ ಎರಡೂವರೆ ದಿರಮ್ ಆಸುಪಾಸು ಎಂದು ಹಿಡಿದರೆ ಎರಡೂ ಒಂದೇ ಪ್ರಶ್ನೆ. ಕೇಳುವವರ ಅವಸ್ಥೆಯೂ ಹೆಚ್ಚುಕಡಿಮೆ ಒಂದೇ: ಬಾಡಿಗೆ ಮನೆ, ಸಣ್ಣ ಕೋಣೆ, ಗೋಡೆಯಾಚೆ ಮಲಗಿರುವ ಇನ್ನೊಬ್ಬರು, ಕೆಲಸ ಮುಗಿದ ಮೇಲೆ ಉಳಿಯುವ ಒಂದೂವರೆ ಗಂಟೆ. ಆ ಒಂದೂವರೆ ಗಂಟೆಯಲ್ಲಿ ಪಿ.ಬಿ. ಶ್ರೀನಿವಾಸರೋ ಎಸ್. ಜಾನಕಿಯವರೋ ಕಾಳಿಂಗ ನಾವಡರೋ ಕೋಣೆಗೆ ಬರಬೇಕು. ಪಕ್ಕದ ಕೋಣೆಯವರು ಮಾತ್ರ ಎದ್ದು ಬರಬಾರದು.

ಫೋನಿನ ಸ್ಪೀಕರಿನಲ್ಲಿ ಹಾಡು ಕೇಳುವುದೆಂದರೆ ಮದುವೆ ಊಟವನ್ನು ಚಮಚದಲ್ಲಿ ತಿಂದ ಹಾಗೆ. ಬ್ಲೂಟೂತ್ ಡಬ್ಬಿ ಪರವಾಗಿಲ್ಲ, ಆದರೆ ಒಂದೇ ಕಡೆಯಿಂದ ಸದ್ದು ಬರುತ್ತದೆ. ಮಿಣಿಮಿಣಿ ದೀಪದ ಪಾರ್ಟಿ ಸ್ಪೀಕರ್ ಇರುವುದು ಅಂಗಳಕ್ಕೆ, ಕೋಣೆಗಲ್ಲ. ಹಾಗಾಗಿ ಕೇಳಿದವರಿಗೆಲ್ಲ ನಾನು ಹೇಳುತ್ತ ಬಂದಿರುವುದು ಪವರ್ಡ್ ಬುಕ್‌ಶೆಲ್ಫ್ ಸ್ಪೀಕರ್. ಒಂದು ಜೊತೆ ಮರದ ಡಬ್ಬಿಗಳು, ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಗಾತ್ರ, ಆಂಪ್ಲಿಫೈಯರ್ ಒಳಗೇ ಇರುತ್ತದೆ. ಬೇರೆ ಪೆಟ್ಟಿಗೆ ಬೇಡ. ಸಾಮಾನ್ಯವಾಗಿ ಒಂದು ಡಬ್ಬಿಗೆ ಮಾತ್ರ ಕರೆಂಟು ಬೇಕು, ಇನ್ನೊಂದಕ್ಕೆ ಅದರಿಂದಲೇ ಒಂದು ವಯರ್ ಹೋಗುತ್ತದೆ. ಫೋನ್, ಲ್ಯಾಪ್‌ಟಾಪ್, ಟಿವಿ ಯಾವುದನ್ನಾದರೂ ಸಿಕ್ಕಿಸಬಹುದು.

ಇಷ್ಟು ಸಣ್ಣ ಡಬ್ಬಿಯಿಂದ ತೃಪ್ತಿಯಾಗುವಷ್ಟು ಸದ್ದು ಬರುವುದರ ಹಿಂದೆ ಸಿಡ್ನಿಯದೇ ಒಂದು ಕಥೆ ಇದೆ. ಇಲ್ಲಿಗೆ ಬಂದು ಎಷ್ಟೋ ಕಾಲದ ಮೇಲೆ ನನಗದು ತಿಳಿದದ್ದು. ಸ್ಪೀಕರ್ ಡಬ್ಬಿಗೆ ಒಂದು ತೂತು ಇರುವುದನ್ನು ನೀವು ನೋಡಿರುತ್ತೀರಿ. ಅದಕ್ಕೆ ಪೋರ್ಟ್ ಎನ್ನುತ್ತಾರೆ. ಕೋನ್ ಹಿಂದಕ್ಕೆ ತಳ್ಳಿದ ಗಾಳಿ ವ್ಯರ್ಥವಾಗದೆ ಆ ತೂತಿನಿಂದ ಸರಿಯಾದ ಹೊತ್ತಿಗೆ ಹೊರಬಂದು ತಗ್ಗಿನ ಸ್ವರಗಳಿಗೆ ಬಲ ಕೊಡುತ್ತದೆ. ಕೊಡದ ಬಾಯಿಗೆ ಊದಿದರೆ ಒಂದು ಸ್ವರ ಹುಟ್ಟುತ್ತದಲ್ಲ, ಅದೇ ತತ್ವ. ತೂತು ಎಷ್ಟು ದೊಡ್ಡದಿರಬೇಕು, ಡಬ್ಬಿ ಎಷ್ಟು ಲೀಟರ್ ಇರಬೇಕು ಎಂಬುದು ಬಹಳ ಕಾಲ ಅಂದಾಜಿನ ಮೇಲೆಯೇ ನಡೆಯುತ್ತಿತ್ತು. ಇಎಂಐ ಕಂಪನಿಯ ಆಸ್ಟ್ರೇಲಿಯಾ ಶಾಖೆಯಲ್ಲಿ ಎಂಜಿನಿಯರ್ ಆಗಿದ್ದ ನೆವಿಲ್ ಥೀಲಿ 1961ರಲ್ಲಿ ಅದಕ್ಕೊಂದು ಲೆಕ್ಕ ಬರೆದರು. ಅದು ಇಲ್ಲಿನ ರೇಡಿಯೊ ಎಂಜಿನಿಯರುಗಳ ಪತ್ರಿಕೆಯಲ್ಲಿ ಅಚ್ಚಾಯಿತು. ಹೊರಗಿನವರು ಗಮನಿಸಲಿಲ್ಲ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲ್ ಎಂಬವರು ಆ ಕೆಲಸವನ್ನು ಕೈಗೆತ್ತಿಕೊಂಡು ಬೆಳೆಸಿದರು. 1971ರಲ್ಲಿ ಥೀಲಿಯವರ ಬರಹವನ್ನು ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಮರುಮುದ್ರಿಸಿತು. ಈಗ ಜಗತ್ತಿನಲ್ಲಿ ಯಾರೇ ಸ್ಪೀಕರ್ ಡಬ್ಬಿ ಮಾಡಲಿ, ಚೀನಾದ ಕಾರ್ಖಾನೆಯಿಂದ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಆಯ್ದು ಮನೆಯಲ್ಲೇ ಜೋಡಿಸುವ ಹುಡುಗನವರೆಗೆ, ‘ಥೀಲಿ–ಸ್ಮಾಲ್’ ಅಂಕಿಗಳಿಲ್ಲದೆ ಕೆಲಸ ಶುರುವಾಗುವುದಿಲ್ಲ. ಥೀಲಿ 1962ರಿಂದ ಇಲ್ಲಿನ ಸರಕಾರಿ ಪ್ರಸಾರ ಸಂಸ್ಥೆ ಎಬಿಸಿಯಲ್ಲಿದ್ದರು. 2012ರಲ್ಲಿ ತೀರಿಕೊಂಡರು. ಅಗ್ಗದ ಸ್ಪೀಕರ್ ಈ ಹೊತ್ತು ಅಷ್ಟು ಕೆಟ್ಟದಾಗಿಲ್ಲದಿದ್ದರೆ ಅದಕ್ಕೆ ಅವರೂ ಒಂದು ಕಾರಣ.

ಆದರೆ ಲೆಕ್ಕ ಒಂದು ಸತ್ಯವನ್ನೂ ಹೇಳುತ್ತದೆ. ಸಣ್ಣ ಡಬ್ಬಿ, ಆಳವಾದ ಬೇಸ್, ಜೋರು ಸದ್ದು: ಮೂರರಲ್ಲಿ ಎರಡು ಸಿಗಬಹುದು, ಮೂರೂ ಸಿಗುವುದಿಲ್ಲ. ಒಂದು ಸ್ವರದ ಅರ್ಧ ಕಂಪನದ ಸ್ವರವನ್ನು ಅಷ್ಟೇ ಜೋರಾಗಿ ನುಡಿಸಬೇಕಾದರೆ ಕೋನ್ ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಓಡಬೇಕು. ನಾಲ್ಕಿಂಚಿನ ಕೋನ್ ಎಷ್ಟು ಓಡೀತು? ಹಾಗಾಗಿ ಅಂಗೈ ಅಗಲದ ಸ್ಪೀಕರ್ ತೋರಿಸಿ ‘ಡೀಪ್ ಬೇಸ್’ ಎಂದು ಮಾರುವವರ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟುಬಿಡಿ.

ನನ್ನ ಮಟ್ಟಿಗೆ ಅದು ನಷ್ಟವೂ ಅಲ್ಲ. ನಾವು ಕೇಳುವುದರಲ್ಲಿ ಮುಕ್ಕಾಲು ಪಾಲು ಕಂಠ. ಭಾವಗೀತೆ, ದಾಸರ ಪದ, ಹಳೆಯ ಚಿತ್ರಗೀತೆ, ಭಾಗವತಿಕೆ, ತಾಳಮದ್ದಳೆ, ಪ್ರವಚನ, ಊರಿನ ಸುದ್ದಿ. ಗಂಡಸರ ಮಾತಿನ ಮೂಲ ಸ್ವರವೂ ಸುಮಾರು 85 ಹರ್ಟ್ಜ್‌ಗಿಂತ ಕೆಳಗೆ ಹೋಗುವುದು ಅಪರೂಪ. ಪದದ ಸ್ಪಷ್ಟತೆ ಇರುವುದಂತೂ ಇನ್ನೂ ಬಹಳ ಮೇಲೆ, ಸಾವಿರದಿಂದ ನಾಲ್ಕು ಸಾವಿರ ಹರ್ಟ್ಜ್ ನಡುವೆ. ಅಗ್ಗದ ಬೆಲೆಗೆ ಕೊಳ್ಳುವಾಗ ದುಡ್ಡು ಹೋಗಬೇಕಾದದ್ದು ಈ ನಡುಭಾಗಕ್ಕೆ. ಗೋಡೆ ದಾಟಿ ಪಕ್ಕದವರನ್ನು ಎಬ್ಬಿಸುವುದು ಕಂಠವಲ್ಲ, ಬೇಸ್. ತಗ್ಗಿನ ಸ್ವರಕ್ಕೆ ಜಿಪ್ಸಂ ಗೋಡೆ ಒಂದು ಲೆಕ್ಕವೇ ಅಲ್ಲ.

ಇಲ್ಲಿ ಅದಕ್ಕೆ ಕಾನೂನೂ ಇದೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಭಾನುವಾರದಿಂದ ಗುರುವಾರದವರೆಗೆ ರಾತ್ರಿ 10ರಿಂದ ಬೆಳಗ್ಗೆ 8ರ ತನಕ, ಶುಕ್ರವಾರ ಶನಿವಾರ ನಡುರಾತ್ರಿ 12ರಿಂದ 8ರ ತನಕ, ನಿಮ್ಮ ಸ್ಪೀಕರ್ ಸದ್ದು ಪಕ್ಕದ ಮನೆಯ ವಾಸದ ಕೋಣೆಯೊಳಗೆ ಕೇಳಿಸುವಂತಿಲ್ಲ. ಮೆಲ್ಬರ್ನ್‌ನಲ್ಲಿ ವಾರದ ದಿನಗಳಲ್ಲಿ ಹತ್ತು ಗಂಟೆಯೇ ಗಡುವು, ಶುಕ್ರವಾರ ಶನಿವಾರ ಹನ್ನೊಂದಕ್ಕೇ ಮುಗಿಯುತ್ತದೆ. ವಾರಾಂತ್ಯದ ಬೆಳಗ್ಗೆ ಒಂಬತ್ತರವರೆಗೆ ಕಾಯಬೇಕು. ನಾರ್ತ್ ಸಿಡ್ನಿಯ ಅಪಾರ್ಟ್‌ಮೆಂಟುಗಳಲ್ಲಿ ಸುಪ್ರಭಾತ ಹಾಕುವವರು ಇದನ್ನು ಬೇಗ ಕಲಿಯುತ್ತಾರೆ. ಗಲ್ಫಿನ ಬೆಡ್‌ಸ್ಪೇಸಿನಲ್ಲಿ ಇದ್ದವರಿಗೆ ಇದು ಹೊಸದಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ರೂಮ್‌ಮೇಟ್ ಯಾವ ಕಾನೂನಿಗೂ ಕಡಿಮೆಯಲ್ಲ.

ಇನ್ನು ಹೋಲಿಕೆಗೆ ಬರೋಣ. ಗೆಳೆಯರ ಮನೆಗಳಲ್ಲಿ ಇರುವ ಮೂರು ಜೊತೆಗಳನ್ನು ನಾನು ಸಾಕಷ್ಟು ಹೊತ್ತು ಕೇಳಿದ್ದೇನೆ. ಮೂರೂ ಗಲ್ಫ್ ಪೇಟೆಯ ಹೆಸರುಗಳೇ.

ಮೊದಲನೆಯದು ಎಡಿಫೈಯರ್ ಆರ್1280ಟಿ. ಎಡಿಫೈಯರ್ 1996ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಕಂಪನಿ. ನಾಲ್ಕಿಂಚಿನ ವೂಫರ್, 13 ಮಿಲಿಮೀಟರಿನ ರೇಷ್ಮೆ ಟ್ವೀಟರ್, ಎರಡೂ ಸೇರಿ 42 ವ್ಯಾಟ್. ಪೋರ್ಟ್ ಮುಂದುಗಡೆ ಇದೆ, ಇದು ಸಣ್ಣ ವಿಷಯವಲ್ಲ, ಮುಂದೆ ಹೇಳುತ್ತೇನೆ. ಬೇಸ್, ಟ್ರೆಬಲ್ ತಿರುಪುಗಳು ಪಕ್ಕದಲ್ಲೇ ಇವೆ, ಪುಟ್ಟ ರಿಮೋಟ್ ಬರುತ್ತದೆ. ಬ್ಲೂಟೂತ್ ಇಲ್ಲ. ಬ್ಲೂಟೂತ್ ಮತ್ತು ಟಿವಿಯ ಆಪ್ಟಿಕಲ್ ವಯರ್ ಎರಡೂ ಬೇಕೆಂದರೆ ಇದರ ಅಣ್ಣ ಆರ್1280ಡಿಬಿ ತೆಗೆದುಕೊಳ್ಳಬೇಕು. ಇದರ ಧ್ವನಿ ಮೆತ್ತಗೆ, ಸ್ವಲ್ಪ ದಪ್ಪ. ಜಾನಕಿಯವರ ಹಳೆಯ ಹಾಡುಗಳ ತಾರಸ್ಥಾಯಿ ಕೆಲವು ಸ್ಪೀಕರುಗಳಲ್ಲಿ ಕಿವಿಗೆ ಚುಚ್ಚುತ್ತದೆ, ಇದರಲ್ಲಿ ಚುಚ್ಚುವುದಿಲ್ಲ. ಗಂಡು ಕಂಠಕ್ಕೆ ಒಂದು ಪಟ್ಟು ಗಾಂಭೀರ್ಯ ಹೆಚ್ಚು ಸೇರುತ್ತದೆ, ಬೇಸ್ ತಿರುಪನ್ನು ಒಂದು ಚೂರು ಇಳಿಸಿದರೆ ಸರಿಹೋಗುತ್ತದೆ. ಸಿಡ್ನಿಯಲ್ಲಿ ಇನ್ನೂರು ಡಾಲರಿನೊಳಗೆ ಸಿಗುತ್ತದೆ.

ಎರಡನೆಯದು ಪ್ರಿಸೋನಸ್ ಎರಿಸ್ ಇ3.5. ಹಾಡು ಮಿಕ್ಸಿಂಗ್ ಮಾಡುವವರಿಗಾಗಿ ಮಾಡಿದ್ದು. ಮೂರೂವರೆ ಇಂಚಿನ ವೂಫರ್, ಒಂದಿಂಚಿನ ಟ್ವೀಟರ್, ತಲಾ 25 ವ್ಯಾಟ್. ವಾಲ್ಯೂಮ್ ತಿರುಪು ಮುಂದುಗಡೆಯೇ ಇದೆ, ಹೆಡ್‌ಫೋನ್ ಸಿಕ್ಕಿಸಲು ಜಾಗವೂ ಮುಂದೆಯೇ. ಪಾಳಿ ಕೆಲಸದವರಿಗೆ ಇದು ದೊಡ್ಡ ಅನುಕೂಲ. ಪೋರ್ಟ್ ಹಿಂದುಗಡೆ. ರಿಮೋಟ್ ಇಲ್ಲ. ಮೂರರಲ್ಲಿ ಅತಿ ಸ್ಪಷ್ಟವಾದದ್ದು ಇದೇ, ಸ್ಟುಡಿಯೊಗೆಂದು ಮಾಡಿದ್ದು ಮುಚ್ಚುಮರೆ ಮಾಡುವುದಿಲ್ಲ. ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟು ಮತ್ತು ನಾದ ಬೇರೆಬೇರೆಯಾಗಿ ಕಾಣುತ್ತದೆ. ಹಾಗೆಯೇ ಯಾರೋ ಹಳೆಯ ಕ್ಯಾಸೆಟ್ಟಿನಿಂದ ಯೂಟ್ಯೂಬಿಗೆ ಏರಿಸಿದ ಯಕ್ಷಗಾನದ ಕಿರಿಕಿರಿಯೂ ಪೂರ್ತಿ ಕೇಳಿಸುತ್ತದೆ. ಚೆಂಡೆ ಬಿದ್ದಾಗ ಎಚ್ಚರವಿರಲಿ.

ಮೂರನೆಯದು ಆಡಿಯೊಎಂಜಿನ್ ಎ2 ಪ್ಲಸ್. ತೀರಾ ಸಣ್ಣದು, 2.75 ಇಂಚಿನ ವೂಫರ್. ಲ್ಯಾಪ್‌ಟಾಪಿನ ಎಡಬಲದಲ್ಲಿ ಇಟ್ಟು ಒಂದು ಮೊಳ ದೂರದಲ್ಲಿ ಕೂತರೆ ಅಂದವಾದ ಧ್ವನಿ. ಕಂಠ ಎದುರಿಗೇ ಬಂದು ನಿಲ್ಲುತ್ತದೆ. ಕೋಣೆ ತುಂಬುವ ಕೆಲಸ ಇದರದಲ್ಲ. ವಾಲ್ಯೂಮ್ ತಿರುಪು ಹಿಂದುಗಡೆ ಇರುವುದರಿಂದ ಫೋನಿನಲ್ಲೇ ಏರಿಸಿ ಇಳಿಸಬೇಕು. ಬೆಲೆ ಎಡಿಫೈಯರ್‌ನ ಸುಮಾರು ಎರಡು ಪಟ್ಟು. ಆ ವ್ಯತ್ಯಾಸದ ದುಡ್ಡನ್ನು ಊರಿಗೆ ಕಳಿಸಿ ಎನ್ನುವುದು ನನ್ನ ಅಭಿಪ್ರಾಯ, ಮೇಜಿನ ಮೇಲೆ ಜಾಗವೇ ಇಲ್ಲದವರ ಮಾತು ಬೇರೆ.

ವ್ಯಾಟ್ ವಿಷಯ ಅರ್ಥವಾಗಲು ಇದೇ ಸ್ಪೀಕರ್ ಒಳ್ಳೆಯ ಉದಾಹರಣೆ. ಇದರ ವಿವರದಲ್ಲಿ 60 ವ್ಯಾಟ್ ಎಂದಿರುತ್ತದೆ, ಅದು ಕ್ಷಣಮಾತ್ರದ ಗರಿಷ್ಠ. ಸತತವಾಗಿ ಕೊಡುವುದು ತಲಾ 15. ಕಂಪನಿ ಎರಡನ್ನೂ ಬರೆದಿದೆ, ನಾವು ಓದುವುದು ದೊಡ್ಡ ಅಂಕಿಯನ್ನು. ಅಂಗಡಿಯ ಮೂಲೆಯಲ್ಲಿ ‘3000 ವ್ಯಾಟ್’ ಎಂದು ಹೊಳೆಯುವ ಚೀಟಿಯ ಪೆಟ್ಟಿಗೆಗಳ ಕಥೆ ಹೇಳಲೇಬೇಕಿಲ್ಲ. ಸದ್ದು ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 20ಕ್ಕೂ 25ಕ್ಕೂ ನಡುವೆ ಯಾವ ಕಿವಿಯೂ ಭೇದ ಹಿಡಿಯದು. ರಾತ್ರಿ ಕೋಣೆಯಲ್ಲಿ ನೀವು ಕೇಳುವ ಮಟ್ಟಕ್ಕೆ ಒಂದು ವ್ಯಾಟೂ ಪೂರ್ತಿ ಖರ್ಚಾಗುವುದಿಲ್ಲ.

ಕೊಳ್ಳುವ ಮುಂಚೆ ಕೇಳಿ ನೋಡಲು ಅವಕಾಶವಿದ್ದರೆ ಅಂಗಡಿಯವನು ಹಾಕುವ ಇಂಗ್ಲಿಷ್ ಪಾಪ್ ಹಾಡಿಗೆ ತಲೆಯಾಡಿಸಬೇಡಿ. ಅದು ಯಾವ ಸ್ಪೀಕರಿನಲ್ಲಾದರೂ ಚೆನ್ನಾಗಿ ಕೇಳಿಸುವ ಹಾಡು. ಮೊದಲು ಬರೀ ಮಾತು ಹಾಕಿ. ನಾನು ಎಸ್‌ಬಿಎಸ್ ಕನ್ನಡ ರೇಡಿಯೊದ ಪಾಡ್‌ಕಾಸ್ಟ್ ಹಾಕುತ್ತೇನೆ. ನಾರ್ತ್ ಸಿಡ್ನಿಯಿಂದ ರೈಲಿನಲ್ಲಿ ನಾಲ್ಕೇ ನಿಲ್ದಾಣ ಆಚೆಗಿನ ಊರು ಆರ್ಟಾರ್ಮನ್, ಎಸ್‌ಬಿಎಸ್ ಸಂಸ್ಥೆಯ ಮುಖ್ಯ ಕಚೇರಿ ಅಲ್ಲೇ. ಗಲ್ಫಿನಲ್ಲಿದ್ದುಕೊಂಡೂ ಫೋನಿನಲ್ಲಿ ಕೇಳಬಹುದು. ವಾರ್ತೆ ಓದುವವರ ದನಿ ಡ್ರಮ್ಮಿನೊಳಗಿಂದ ಬಂದ ಹಾಗೆ ಗುಂಯ್ ಎಂದರೆ ಡಬ್ಬಿ ಅದುರುತ್ತಿದೆ ಎಂದರ್ಥ. ಆಮೇಲೆ ಒಂದು ಕಪ್ಪುಬಿಳುಪು ಕಾಲದ ಚಿತ್ರಗೀತೆ. ಅವೆಲ್ಲ ಮೋನೋ, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು. ಜೊತೆ ಸರಿಯಿದ್ದರೆ, ನೀವು ನಡುವೆ ಕೂತಾಗ, ಹಾಡುವವರು ಎರಡು ಡಬ್ಬಿಗಳ ನಡುವಿನ ಖಾಲಿ ಜಾಗದಲ್ಲಿ ನಿಂತ ಹಾಗೆ ಕೇಳಿಸಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಜೊತೆಯಲ್ಲಿ ಏನೋ ಹೆಚ್ಚುಕಡಿಮೆ. ಕೊನೆಗೆ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ನಿಸಾರ್ ಅಹಮದ್–ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’. ನೂರು ಸಲ ಕೇಳಿದ್ದರಿಂದ ಎಲ್ಲಿ ಏನು ಬರಬೇಕೆಂದು ನಮ್ಮ ಕಿವಿಗೆ ಗೊತ್ತಿರುತ್ತದೆ. ಪರೀಕ್ಷೆಗೆ ಗೊತ್ತಿರುವ ಹಾಡಿನಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ.

ಮಾತು ಸ್ಪಷ್ಟವಾಗಿ ಕೇಳಿಸುವುದು ಎಷ್ಟು ಮುಖ್ಯ ಎಂಬುದಕ್ಕೆ ಒಬ್ಬ ಅಮ್ಮನ ವಿಷಯ ಹೇಳಬೇಕು. ಗೆಳೆಯನೊಬ್ಬನ ತಾಯಿ ಪುತ್ತೂರು ಕಡೆಯವರು, ಆರು ತಿಂಗಳಿಗೆಂದು ಇಲ್ಲಿಗೆ ಬಂದಿದ್ದರು. ಮಗ ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ಹಗಲಿಡೀ ಅವರಿಗೆ ಟಿವಿಯೇ ಗತಿ. ಒಂದು ತಿಂಗಳಾಗುವಷ್ಟರಲ್ಲಿ ಅದನ್ನೂ ಬಿಟ್ಟರು. “ಕಿವಿ ಹೋಯ್ತು ಮಗಾ. ಶಬ್ದ ಕೇಳ್ತದೆ, ಮಾತು ಗೊತ್ತಾಗುದಿಲ್ಲ,” ಎಂದರಂತೆ. ವಾಲ್ಯೂಮ್ ಏರಿಸಿದರೆ ಶಬ್ದ ಹೆಚ್ಚಾಗುತ್ತಿತ್ತೇ ಹೊರತು ಮಾತು ಹೆಚ್ಚಾಗುತ್ತಿರಲಿಲ್ಲ. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ವರಗಳನ್ನು ಕೇಳುವ ಶಕ್ತಿ. ಸ, ಶ, ತ, ಚ ಮುಂತಾದ ಅಕ್ಷರಗಳ ಗುರುತು ಇರುವುದು ಅಲ್ಲಿಯೇ. ಈಗಿನ ತೆಳು ಟಿವಿಗಳ ಸ್ಪೀಕರುಗಳೋ ನೆಲ ನೋಡಿಕೊಂಡಿರುತ್ತವೆ ಇಲ್ಲವೆ ಗೋಡೆ ನೋಡಿಕೊಂಡಿರುತ್ತವೆ. ಗೆಳೆಯ ಒಂದು ಜೊತೆ ಸಣ್ಣ ಸ್ಪೀಕರ್ ತಂದು ಅಮ್ಮ ಕೂರುವ ಕುರ್ಚಿಯ ಕಡೆಗೆ ತಿರುಗಿಸಿಟ್ಟ. ಟ್ರೆಬಲ್ ಸ್ವಲ್ಪ ಏರಿಸಿ ಬೇಸ್ ಇಳಿಸಿದ. ವಾಲ್ಯೂಮ್ ಮೊದಲಿಗಿಂತ ಕಡಿಮೆಯೇ ಸಾಕಾಯಿತು. ಧಾರಾವಾಹಿ ಹಾಗಿರಲಿ, ಅವರು ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆ ಹಾಕಿಸಿಕೊಂಡು ಕೂತರು. ಅರ್ಥಗಾರಿಕೆಯಲ್ಲಿ ಒಂದು ಪದ ತಪ್ಪಿದರೂ ಮುಂದಿನ ಉತ್ತರದ ಸ್ವಾರಸ್ಯ ಹೋಗುತ್ತದೆ ಎಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಕಿವಿ ಪರೀಕ್ಷೆಯನ್ನೂ ಮಾಡಿಸಿದರು, ಮಾಡಿಸಲೇಬೇಕು, ಸ್ಪೀಕರ್ ಅದಕ್ಕೆ ಬದಲಿಯಲ್ಲ. ಆದರೆ ಉಳಿದ ಐದು ತಿಂಗಳು ಆ ಮನೆಯ ಹಗಲು ಬೇರೆಯಾಯಿತು. ಊರಿನ ಹಾಲ್‌ನಲ್ಲಿ ಒಬ್ಬರೇ ಕೂತು ಟಿವಿ ನೋಡುವ ಅಪ್ಪ ಅಮ್ಮ ನಿಮಗೂ ಇದ್ದರೆ, ರಜೆಗೆ ಹೋಗುವಾಗ ಇನ್ನೂ ದೊಡ್ಡ ಟಿವಿ ಕೊಡಿಸುವ ಮುಂಚೆ ಇದನ್ನು ಯೋಚಿಸಿ. ಎಡಿಫೈಯರ್ ಜೊತೆಯ ತೂಕ ಐದು ಕಿಲೋ ಆಸುಪಾಸು, ಲಗೇಜಿನಲ್ಲಿ ಹೋಗುತ್ತದೆ.

ತಂದ ಮೇಲೆ ಎಲ್ಲಿ ಇಡುತ್ತೀರಿ ಎಂಬುದು ಯಾವುದನ್ನು ತಂದಿರಿ ಎಂಬುದಕ್ಕಿಂತ ಹೆಚ್ಚು ಎಂದರೆ ನಂಬುವವರು ಕಡಿಮೆ. ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕೆ ಬರಬೇಕು, ಎತ್ತರದ ಸ್ವರ ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುತ್ತದೆ. ಮೇಜು ತಗ್ಗಾಗಿದ್ದರೆ ಡಬ್ಬಿಯ ಮುಂಭಾಗಕ್ಕೆ ಏನಾದರೂ ಕೊಟ್ಟು ತುಸು ಮೇಲ್ಮುಖ ಮಾಡಿ. ಹಳೆಯ ರಬ್ಬರ್ ಚಪ್ಪಲಿಯ ಎರಡು ತುಂಡು ಸಾಕು, ಮೇಜು ಅದುರುವುದೂ ನಿಲ್ಲುತ್ತದೆ. ಎರಡು ಡಬ್ಬಿಗಳ ನಡುವೆ ಎಷ್ಟು ದೂರವೋ ನಿಮ್ಮಿಂದ ಅವುಗಳಿಗೂ ಸುಮಾರು ಅಷ್ಟೇ ದೂರ ಇರಲಿ. ಮೂಲೆಗೆ ನೂಕಬೇಡಿ. ಗೋಡೆ ತಗ್ಗಿನ ಸ್ವರವನ್ನು ಉಬ್ಬಿಸುತ್ತದೆ, ಮೂಲೆಯಲ್ಲಿ ಎರಡು ಗೋಡೆ ಸೇರಿ ಉಬ್ಬಿಸುತ್ತವೆ. ಎರಿಸ್‌ನಂತೆ ಪೋರ್ಟ್ ಹಿಂದಿರುವ ಸ್ಪೀಕರಿಗೆ ಗೋಡೆಯಿಂದ ಒಂದು ಗೇಣಾದರೂ ಅಂತರ ಬೇಕು. ಜಾಗ ಇಲ್ಲದ ಕೋಣೆಗೆ ಮುಂದುಗಡೆ ಪೋರ್ಟ್ ಇರುವ ಎಡಿಫೈಯರ್ ಹೊಂದುತ್ತದೆ ಎಂದದ್ದು ಇದಕ್ಕೇ. ಪಕ್ಕದವರ ಮಂಚ ತಾಗಿಕೊಂಡಿರುವ ಗೋಡೆಯ ಕಡೆ ಮಾತ್ರ ಯಾವುದನ್ನೂ ಇಡಬೇಡಿ. ಕರೆಂಟಿನ ಪ್ಲಗ್ ಎಲ್ಲಿದೆ ಎಂದೂ ನೋಡಿಕೊಳ್ಳಿ: ಎಡಿಫೈಯರ್‌ನಲ್ಲಿ ಕರೆಂಟು ಬೇಕಾದದ್ದು ಬಲಗಡೆಯ ಡಬ್ಬಿಗೆ, ಆಡಿಯೊಎಂಜಿನ್‌ನಲ್ಲಿ ಎಡಗಡೆಯದಕ್ಕೆ.

ಸದ್ದು ತಗ್ಗಿಸಿದಾಗ ಹಾಡು ಸಪ್ಪೆ ಅನ್ನಿಸುವುದು ಸ್ಪೀಕರಿನ ದೋಷವಲ್ಲ, ಮನುಷ್ಯರ ಕಿವಿಯ ಸ್ವಭಾವ. ಕಡಿಮೆ ಸದ್ದಿನಲ್ಲಿ ತಗ್ಗಿನ ಸ್ವರಗಳು ಕಿವಿಗೆ ಕಡಿಮೆ ಕೇಳಿಸುತ್ತವೆ. ಹಳೆಯ ಟೇಪ್‌ರೆಕಾರ್ಡರುಗಳಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇರುತ್ತಿದ್ದುದು ಅದನ್ನು ತುಂಬಲಿಕ್ಕೆ. ರಾತ್ರಿ ಬೇಸ್ ತಿರುಪನ್ನು ಒಂದು ಗೆರೆ ಏರಿಸಿದರೆ ತೊಂದರೆಯಿಲ್ಲ. ಗಲ್ಫಿನಲ್ಲಿ ಒಂದು ವಿಶೇಷ ಇದೆ. ಕಿಟಕಿ ಎಸಿ ಗುಂಯ್‌ಗುಡುವ ಕೋಣೆಯಲ್ಲಿ ಆ ಸದ್ದೇ ತಗ್ಗಿನ ಸ್ವರಗಳನ್ನು ನುಂಗಿಬಿಡುತ್ತದೆ. ಅಲ್ಲಿ ಬೇಸ್ ಏರಿಸಿದಷ್ಟೂ ಗೋಡೆಯಾಚೆಯವರಿಗೇ ಲಾಭ. ಸ್ಪೀಕರನ್ನು ಹತ್ತಿರಕ್ಕೆ ಎಳೆದುಕೊಳ್ಳುವುದೇ ದಾರಿ. ದೂರ ಅರ್ಧವಾದರೆ ಅದೇ ವಾಲ್ಯೂಮಿನಲ್ಲಿ ಧ್ವನಿ ಎದ್ದು ಕೇಳಿಸುತ್ತದೆ, ಪಕ್ಕದ ಕೋಣೆಗೆ ಹೋಗುವ ಸದ್ದೂ ಹೆಚ್ಚುವುದಿಲ್ಲ.

ಬ್ಲೂಟೂತಿನಲ್ಲಿ ಸಿನಿಮಾ ನೋಡುವವರು ತುಟಿಗೂ ಮಾತಿಗೂ ತಾಳೆಯಿಲ್ಲ ಎನ್ನುತ್ತಾರೆ. ಅದರಲ್ಲಿ ಸದ್ದು ತುಸು ತಡವಾಗುವುದು ಸಹಜ. ಹಾಡಿಗೆ ಬ್ಲೂಟೂತ್, ಟಿವಿಗೆ ವಯರ್ ಎಂದು ಇಟ್ಟುಕೊಳ್ಳಿ. ಆಪ್ಟಿಕಲ್ ವಯರ್ ಸಿಕ್ಕಿಸಿಯೂ ಸದ್ದೇ ಬರಲಿಲ್ಲ ಎಂದು ಸ್ಪೀಕರ್ ವಾಪಸ್ ಕೊಡಲು ಹೊರಟವರನ್ನು ನೋಡಿದ್ದೇನೆ. ಟಿವಿಯ ಸೌಂಡ್ ಸೆಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ‘ಪಿಸಿಎಂ’ ಎಂದು ಬದಲಾಯಿಸಬೇಕು. ಈ ಬೆಲೆಯ ಸ್ಪೀಕರುಗಳಿಗೆ ಸಾಮಾನ್ಯವಾಗಿ ಡಾಲ್ಬಿ ಬಿಡಿಸಿ ಓದಲು ಬರುವುದಿಲ್ಲ.

ಬಳಸಿದ ಮಾಲು ಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. ಇಲ್ಲಿ ಕೌನ್ಸಿಲ್‌ನವರು ಹಳೆ ಸಾಮಾನು ಒಯ್ಯುವ ದಿನ ರಸ್ತೆ ಬದಿಗೆ ಸ್ಪೀಕರುಗಳೂ ಬಂದು ಕೂರುತ್ತವೆ, ಗಲ್ಫಿನಲ್ಲಿ ದೇಶ ಬಿಡುವವರು ಮಾರಿ ಹೋಗುತ್ತಾರೆ. ಕೋನ್ ಸುತ್ತಲಿನ ಅಂಚನ್ನು ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿ. ರಬ್ಬರ್ ಆದರೆ ಬಾಳುತ್ತದೆ, ಫೋಮ್ ಆದರೆ ವರ್ಷಗಳು ಕಳೆದಂತೆ ಹಪ್ಪಳದ ಹಾಗೆ ಪುಡಿಯಾಗುತ್ತದೆ, ಬಾಲ್ಕನಿಯ ಬಿಸಿಲಿನಲ್ಲಿ ಇಟ್ಟಿದ್ದರೆ ಇನ್ನೂ ಬೇಗ.

ಇನ್ನೊಂದು ದೇಶದಿಂದ ತರಿಸುವವರು ಡಬ್ಬಿಯ ಹಿಂದಿನ ವೋಲ್ಟ್ ಪಟ್ಟಿಯನ್ನು ಓದದೆ ದುಡ್ಡು ಕೊಡಬಾರದು. ಆಸ್ಟ್ರೇಲಿಯಾ ಮತ್ತು ಭಾರತ 230 ವೋಲ್ಟ್, ಗಲ್ಫಿನ ಹೆಚ್ಚಿನ ಕಡೆ 220ರಿಂದ 240ರ ನಡುವೆ. ಸಿಡ್ನಿಯಿಂದ ದುಬೈಗೆ, ದುಬೈನಿಂದ ಮಂಗಳೂರಿಗೆ ಒಯ್ದರೆ ಪ್ಲಗ್ಗಿನ ಕಾಲುಗಳಷ್ಟೇ ಬೇರೆ: ಇಲ್ಲಿ ಓರೆ ಕಾಲು, ಗಲ್ಫಿನಲ್ಲಿ ಮೂರು ಚೌಕ ಕಾಲು, ಊರಿನಲ್ಲಿ ಉರುಟು ಕಾಲು. ಸೌದಿಯಲ್ಲಿ 60 ಹರ್ಟ್ಜ್ ಕರೆಂಟು, ಹಳೆಯ ಕೆಲವು ಕಟ್ಟಡಗಳಲ್ಲಿ 127 ವೋಲ್ಟ್ ಸಾಕೆಟ್ ಇದ್ದರೂ ಇದ್ದೀತು, ಕಟ್ಟಡದ ವಾಚ್‌ಮನ್ ಹತ್ತಿರ ಕೇಳಿ. ಅಮೆರಿಕದಿಂದ ತರಿಸಿದ ಸ್ಪೀಕರಿನ ಹಿಂದೆ ಬರೀ 120 ಎಂದಿದ್ದರೆ ನಮ್ಮ ಪ್ಲಗ್ಗಿಗೆ ಹಾಕಿದ ಕ್ಷಣ ಹೊಗೆ. 100ರಿಂದ 240 ಎಂದಿದ್ದರೆ ಎಲ್ಲಿಗೆ ಬೇಕಾದರೂ ಒಯ್ಯಿರಿ.